ನಮ್ಮ ಟ್ರಕ್ಕಿಗೆ ಪ್ರೆಶರ್ ಮೀಟರ್ ಹಾಕಿಸಿದ್ದು

ನಾನೂ ನನ್ನ ಓರಗಿತ್ತಿಯೂ ಸೇರಿ ವಿಜಯನಗರದಲ್ಲಿ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ನಡೆಸುತ್ತೇವೆ ಎಂದರೆ ಕೇಳಿದವರು ಮೊದಲು ನಗುತ್ತಾರೆ. ಓರಗಿತ್ತಿಯರು ಒಂದು ಅಡುಗೆಮನೆಯಲ್ಲೇ ಹೊಂದಿಕೊಳ್ಳಲಾರರು, ಇನ್ನು ಒಂದೇ ಟ್ರಕ್ಕಿನ ಮುಂದಿನ ಸೀಟಿನಲ್ಲಿ ಹೇಗೆ ಕೂರುತ್ತೀರಿ ಎಂಬುದು ಅವರ ಅನುಮಾನ. ಕೂರುತ್ತೇವೆ. ಗಾಡಿ ಓಡಿಸುವುದು ನಾನು. ಓರಗಿತ್ತಿಯನ್ನು ನಾನು ಅಕ್ಕ ಎಂದೇ ಕರೆಯುವುದು; ಅವರು ಪಕ್ಕದ ಸೀಟಿನಲ್ಲಿ ಕುಳಿತು ಗಿರಾಕಿಗಳ ಫೋನಿಗೆ ಉತ್ತರ ಕೊಡುತ್ತಾರೆ. ನಾವಿನ್ನೂ ಅಂಗಡಿಯ ಮುಂದೆ ಕುರ್ಚಿ ಪೇರಿಸುತ್ತಿರುವಾಗಲೇ "ಇಲ್ಲೇ ಬಂದ್ಬಿಟ್ವಿ ಸಾರ್, ಟೋಲ್‌ಗೇಟ್ ದಾಟಿದೀವಿ" ಎನ್ನುವ ಧೈರ್ಯ ಅವರಿಗೆ ಮಾತ್ರ ಇದೆ.

ಆ ವರ್ಷ ನಮ್ಮ ಹಳೆಯ ಡೀಸೆಲ್ ಟ್ರಕ್ಕು ಒಂದು ವಿಚಿತ್ರ ಚಾಳಿ ಕಲಿತಿತ್ತು. ಹತ್ತಿರದ ಓಡಾಟದಲ್ಲಿ ಏನೂ ತಕರಾರಿಲ್ಲ. ಆರ್‌ಪಿಸಿ ಲೇಔಟಿಗೆ, ಬಸವೇಶ್ವರನಗರಕ್ಕೆ ಜಿಂಕೆಯಂತೆ ಹೋಗಿ ಬರುತ್ತಿತ್ತು. ದೂರದ ಆರ್ಡರ್ ಬಂತೋ, ಅರ್ಧ ಗಂಟೆ ಓಡಿದ ಮೇಲೆ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಕೆಂಗೇರಿಯ ಒಂದು ಗೃಹಪ್ರವೇಶಕ್ಕೆ ಹೋಗುವಾಗಲೂ ಹಾಗೇ ಆಯಿತು. ನಾವು ತಲುಪುವಷ್ಟರಲ್ಲಿ ಬಂದವರೆಲ್ಲ ನಿಂತುಕೊಂಡೇ ಕೋಸಂಬರಿ ತಿನ್ನುತ್ತಿದ್ದರು. ಮನೆಯ ಯಜಮಾನರು ನಮ್ಮನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ.

ವಾಪಸ್ ಬರುವಾಗ ಅಕ್ಕ ಮೆಲ್ಲಗೆ ಮಾತು ತೆಗೆದರು. "ತಪ್ಪು ತಿಳ್ಕೋಬೇಡ ಕಣೇ. ನೀನು ಆಕ್ಸಿಲರೇಟರ್ ಒತ್ತೋ ರೀತಿಲೇ ಏನೋ ಇದೆ. ಒಬ್ಬ ಡ್ರೈವರ್‌ನ ಇಟ್ಕೊಳ್ಳೋಣ್ವಾ?"

ಆ ಟ್ರಕ್ಕು ಓಡಿಸಲು ನಾನು ಕಲಿತದ್ದು ನಲವತ್ತು ದಾಟಿದ ಮೇಲೆ. ಅದೊಂದು ನನ್ನ ಜಂಬ. ಡ್ರೈವರ್ ಎಂಬ ಮಾತು ಮುಳ್ಳಿನ ಹಾಗೆ ಚುಚ್ಚಿಕೊಂಡಿತು.

ಮರುದಿನವೇ ನಾಯಂಡಹಳ್ಳಿಯ ಗ್ಯಾರೇಜಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಹುಬ್ಬಳ್ಳಿ ಕಡೆಯವರು. ಆಗಲೇ ಎರಡು ಸಲ ಡೀಸೆಲ್ ಫಿಲ್ಟರ್ ಬದಲಾಯಿಸಿದ್ದರು. ಗ್ಯಾರೇಜಿಗೆ ಬಂದಾಗಲೆಲ್ಲ ಗಾಡಿ ಒಳ್ಳೆಯ ಹುಡುಗಿಯ ಹಾಗೆ ನಡೆದುಕೊಳ್ಳುತ್ತಿದ್ದುದರಿಂದ ಅವರಿಗೂ ತಲೆಕೆಟ್ಟಿತ್ತು.

"ಅಕ್ಕಾರ, ಅಂದಾಜಿನ ಮ್ಯಾಲ ಎಷ್ಟಂತ ಬಿಚ್ಚೂದ್ರೀ?" ಎಂದರು. "ಒಂದು ಪ್ರೆಶರ್ ಮೀಟರ್ ತೊಗೊಂಡ್ ಬರ್ರಿ, ಹಾಕೋಣು. ಪಂಪಿಗೆ ಡೀಸೆಲ್ ಸರಿಯಾಗಿ ಬರಾಕತ್ತೈತೋ ಇಲ್ಲೋ, ಗಾಡಿ ಓಡುವಾಗ ಅದ ಹೇಳ್ತೈತಿ."

ಮೈಸೂರು ರಸ್ತೆಯ ಬಿಡಿಭಾಗಗಳ ಅಂಗಡಿಗೆ ಅಕ್ಕನೂ ಬಂದರು. ಸೀರೆ ಅಂಗಡಿಯಲ್ಲಿ ಕೂತ ಹಾಗೆ ಸ್ಟೂಲಿನ ಮೇಲೆ ಕುಳಿತು "ಇನ್ನೂ ತೋರಿಸಿ" ಎಂದರು. ಅಂಗಡಿಯವನು ಮೀಟರುಗಳನ್ನು ಹರಡಿದ. ಅಕ್ಕನ ಕಣ್ಣು ಬಿದ್ದದ್ದು ದೊಡ್ಡದೊಂದರ ಮೇಲೆ. ಕಪ್ಪು ಮುಖ, ಸುತ್ತ ಬೆಳ್ಳಿ ಬಳೆಯಂಥ ಅಂಚು, ಒಳಗೆ ಕೆಂಪು ದೀಪ. ನನಗೂ ಇಷ್ಟವಾಯಿತು. ಕೊಳ್ಳುವ ಮೊದಲು ಮೆಕ್ಯಾನಿಕ್‌ಗೆ ಒಂದು ಫೋನ್ ಮಾಡಿದೆ.

"ಅದರೊಳಗ ಕಡೀ ನಂಬರ್ ಎಷ್ಟೈತ್ರೀ?"

"ಹತ್ತು."

"ನಮ್ಮ ಗಾಡೀದು ಒಂದೂವರೆ ಕೆಜಿ ಪ್ರೆಶರ್ ಬಂದ್ರ ಭಾಳ ಆತು. ಮೂಟೆ ತೂಗೋ ತಕ್ಕಡಿಯೊಳಗ ಬಂಗಾರ ತೂಗ್ತೀರೇನ್ರೀ? ನಾಕರದ್ದು ತೊಗೋರಿ. ಮತ್ತ ಒಂದ್ ಮಾತು, ಡೀಸೆಲ್ ಪೈಪು ಸೀದಾ ಮೀಟರಿಗೇ ಬರೂದು ಬ್ಯಾಡ. ಲೀಕ್ ಆದ್ರ ನಿಮ್ಮ ಮಡಿಲಿಗೇ ಬೀಳ್ತೈತಿ. ಬರೀ ವೈರ್ ಬರೂವಂಥಾದ್ದು ಕೇಳ್ರಿ."

ಹಾಗೆ ನಮ್ಮ ಪಾಲಿಗೆ ಬಂದದ್ದು ಬಿಳಿ ಮುಖದ, ಅಲಂಕಾರವೇ ಇಲ್ಲದ ಸಣ್ಣ ಮೀಟರು. ಅಕ್ಕ ಅದನ್ನು ತಿರುಗಿಸಿ ನೋಡಿ, "ಆಸ್ಪತ್ರೆ ಸಾಮಾನು ಇದ್ದಂಗಿದೆ" ಎಂದರು.

ಹಾಕಿಸಲು ಇಡೀ ಬೆಳಗ್ಗೆ ಬೇಕಾಯಿತು. ಡೀಸೆಲ್ ಫಿಲ್ಟರಿನಿಂದ ಪಂಪಿಗೆ ಹೋಗುವ ಕೊಳವೆಯ ಜೋಡಣೆಯಲ್ಲಿ ಮೆಕ್ಯಾನಿಕ್ ಹೆಬ್ಬೆರಳಿನಷ್ಟಿದ್ದ ಸೆನ್ಸರ್ ಕೂರಿಸಿದರು. ವೈರನ್ನು ಇಂಜಿನ್ನಿನ ಬಿಸಿ ತಾಗದಂತೆ ರಬ್ಬರ್ ಕೊಳವೆಯಲ್ಲಿ ತೂರಿಸಿ ಒಳಗೆ ತಂದರು. ಮೀಟರನ್ನು ಎಲ್ಲಿಡುವುದೆಂಬ ಪ್ರಶ್ನೆ ಬಂತು. ಡ್ಯಾಶ್‌ಬೋರ್ಡಿನ ನಡುವೆ ದೇವರ ಪಟವಿದೆ. "ಅದನ್ನ ಮುಟ್ಟೋ ಹಾಗಿಲ್ಲ" ಎಂದು ಅಕ್ಕ ಕೈ ಅಡ್ಡ ಇಟ್ಟರು. ಕೊನೆಗೆ ಸ್ಟೀರಿಂಗಿನ ಎಡಕ್ಕೆ, ಇಬ್ಬರಿಗೂ ಕಾಣುವಂತೆ ತಿರುಪು ಹಾಕಿದ್ದಾಯಿತು. ಕೊಳವೆ ಬಿಚ್ಚಿದಾಗ ಒಳಗೆ ಸೇರಿದ ಗಾಳಿಯನ್ನು ಹೊರಹಾಕಬೇಕಿತ್ತು. ಕೈಪಂಪು ಒತ್ತುವ ಕೆಲಸ ನಾನೇ ವಹಿಸಿಕೊಂಡೆ. ಮೊದಲು ಬುರುಬುರು ನೊರೆ ಬಂತು, ಆಮೇಲೆ ತಿಳಿ ಡೀಸೆಲ್. ಸ್ಟಾರ್ಟ್ ಮಾಡಿದಾಗ ಮುಳ್ಳು ಮೆಲ್ಲಗೆ ಎದ್ದು ಒಂದೂವರೆಯಲ್ಲಿ ನಿಂತಿತು.

ಅಲ್ಲಿಂದ ನೇರ ಬಂಕಿಗೆ ಹೋಗಿ ಡೀಸೆಲ್ ತುಂಬಿಸಿ, ಕೆಂಗೇರಿಯ ಕಡೆಗೆ ಹೊರಟೆವು. ಹಿಂದೆ ಬೆಳಗ್ಗೆಯೇ ಹೇರಿಕೊಂಡಿದ್ದ ಇನ್ನೂರು ಕುರ್ಚಿ, ಸಂಜೆಯ ನಾಮಕರಣಕ್ಕೆ. ಅಕ್ಕ ಮೀಟರಿನಿಂದ ಕಣ್ಣು ತೆಗೆಯದೆ ತಂಬೋಲಾ ಆಟದ ನಂಬರಿನಂತೆ ಕೂಗುತ್ತಿದ್ದರು. "ಒಂದೂವರೆ. ಒಂದೂವರೆ. ಒಂದೂಕಾಲು ಕಣೇ." ಟ್ರಾಫಿಕ್ಕಿನಲ್ಲಿ ತೆವಳುತ್ತ ಹೋಗುತ್ತಿದ್ದ ಹಾಗೆ, "ಒಂದು." ಆಮೇಲೆ ಸ್ವಲ್ಪ ಗಾಬರಿಯಿಂದ, "ಅರ್ಧ!" ಗಾಡಿ ಏದುಸಿರು ಶುರುಮಾಡಿತು. ಪಕ್ಕಕ್ಕೆ ಹಾಕಿ, ಇಂಜಿನ್ ಆಫ್ ಮಾಡದೆ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

"ಮುಳ್ಳು ಸಾವಕಾಶ ಇಳೀತೇನ್ರೀ?" ಎಂದು ಕೇಳಿದರು. ಹೌದೆಂದೆ. "ಹಂಗಾರ ಡೀಸೆಲ್ ಟ್ಯಾಂಕಿನ ಮುಚ್ಚಳ ತಗದು ಕಿವಿಗೊಟ್ಟು ಕೇಳ್ರಿ."

ಅಕ್ಕ ಕೆಳಗಿಳಿದು ಸೊಂಟದ ಕೀಲಿಗೊಂಚಲಿನಿಂದ ಬೀಗ ತೆಗೆದು ಮುಚ್ಚಳ ತಿರುಗಿಸಿದರು. "ಉಸ್ಸ್" ಎಂದು ಟ್ಯಾಂಕು ಗಾಳಿ ಎಳೆದುಕೊಂಡ ಸದ್ದು ನನ್ನ ಸೀಟಿನವರೆಗೂ ಕೇಳಿತು. ನೋಡುನೋಡುತ್ತಿದ್ದಂತೆ ಮುಳ್ಳು ಅರ್ಧದಿಂದ ಒಂದಕ್ಕೆ, ಒಂದರಿಂದ ಒಂದೂವರೆಗೆ ಏರಿತು. ಇಂಜಿನ್ನಿನ ದನಿ ತಿಳಿಯಾಯಿತು.

ಫೋನಿನಲ್ಲಿ ಮೆಕ್ಯಾನಿಕ್ ನಗುತ್ತಿದ್ದರು. "ಟ್ಯಾಂಕ್ ಉಸಿರಾಡಬೇಕಲ್ರೀ! ಡೀಸೆಲ್ ಹೊರಗ ಹೋದಂಗ ಗಾಳಿ ಒಳಗ ಬರಬೇಕು. ಆ ಮುಚ್ಚಳದೊಳಗ ತೂತಿಲ್ಲ. ಕಂಪನಿ ಮುಚ್ಚಳಕ್ಕ ತೂತು ಇರ್ತೈತಿ, ಆ ಹಳೇದು ಏನಾತು? ಇದನ್ನ ಯಾರ್ ಹಾಕ್ಸಿದ್ರು?"

ಫೋನು ಸ್ಪೀಕರಿನಲ್ಲಿತ್ತು. ನಾನು ಅಕ್ಕನ ಮುಖ ನೋಡಿದೆ. ಮೂರು ತಿಂಗಳ ಹಿಂದೆ, ಡೀಸೆಲ್ ಯಾರಾದರೂ ಕದ್ದಾರೆಂದು ಹೆದರಿ, ತಾವೇ ಹುಡುಕಾಡಿ ಬೀಗದ ಮುಚ್ಚಳ ತಂದು ಹಾಕಿಸಿದ್ದವರು ಅವರೇ. ಹೇಳಲು ನನ್ನ ಬಾಯಿಯಲ್ಲಿ ಎಷ್ಟೋ ಮಾತುಗಳು ಬಂದು ನಿಂತಿದ್ದವು. ಆದರೆ ಅವರು ಆ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ ರೀತಿ ನೋಡಿ ಒಂದೂ ಹೊರಬರಲಿಲ್ಲ.

"ನಾನೇ ಕಣಪ್ಪ ಹಾಕ್ಸಿದ್ದು" ಎಂದು ಅಕ್ಕ ಫೋನಿಗೆ ಹೇಳಿದರು. ನಂತರ ನನ್ನ ಕಡೆ ತಿರುಗಿ, "ನಿನ್ನ ಕಾಲಿನ ಮೇಲೆ ದೂರು ಹೇಳ್ಬಿಟ್ಟೆ ನಾನು" ಎಂದರು. ನಾನು ನಕ್ಕೆ. ಅವರೂ ನಕ್ಕರು. ಮುಚ್ಚಳವನ್ನು ಸಡಿಲವಾಗಿ ಕೂರಿಸಿ, ಮೇಲೊಂದು ಬಟ್ಟೆ ಕಟ್ಟಿ ಹೊರಟೆವು. ನಾಮಕರಣದ ಮನೆಗೆ ಹೇಳಿದ ಹೊತ್ತಿಗಿಂತ ಮೊದಲೇ ಮುಟ್ಟಿದ್ದು ನಮ್ಮ ಅಂಗಡಿಯ ಚರಿತ್ರೆಯಲ್ಲಿ ಅಪರೂಪ.

ಮರುದಿನ ಗಾಳಿಕಿಂಡಿಯಿರುವ ಸರಿಯಾದ ಮುಚ್ಚಳ ಬಂತು. ಮೀಟರಿನ ಕೆಲಸ ಮುಗಿಯಿತು, ಬಿಚ್ಚಿಡೋಣವೇ ಎಂದು ನಾನು ಕೇಳಿದಾಗ ಅಕ್ಕ ಒಪ್ಪಲಿಲ್ಲ. ಒಂದು ವಾರ ಕಳೆದ ಮೇಲೆ, ತಮಗೂ ಗಾಡಿ ಓಡಿಸಲು ಕಲಿಸು ಎಂದರು. ಈಗ ಭಾನುವಾರ ಬೆಳಗ್ಗೆ ಕೆಂಗೇರಿಯ ಆಚೆಯ ಖಾಲಿ ಬಡಾವಣೆಯಲ್ಲಿ ನಮ್ಮ ಪಾಠ. ಫಸ್ಟ್ ಗೇರಿನಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಅಕ್ಕ ಆ ಬಿಳಿ ಮೀಟರನ್ನೇ ನೋಡುತ್ತ ಓಡಿಸುತ್ತಾರೆ. ನಾನು ಪಕ್ಕದಲ್ಲಿ ಕೂಗುತ್ತಿರುತ್ತೇನೆ: "ಅಕ್ಕಾ, ರಸ್ತೆ ನೋಡಿ, ರಸ್ತೆ!"