ಕತ್ತಿಯ ಕೆಳಗೆ ಕೂತು ಹೇಳಿದ ‘ಮರ್ಮ’ದ ಅರ್ಥ

ಸಜ್ಜನರೇ, ಇವತ್ತು ಕಲಘಟಗಿಯಲ್ಲಿ ನಿಂಗಪ್ಪ ಕಾಕಾನ ಕಟಿಂಗ್ ಅಂಗಡಿಯಲ್ಲಿ ಗಡ್ಡ ಮಾಡಿಸಿಕೊಳ್ಳುತ್ತಿದ್ದೆ. ಕತ್ತಿ ಗಂಟಲ ಹತ್ತಿರ ಬಂದಾಗ ಕಾಕಾ ಕೇಳಿದ: “ತಮ್ಮಾ, ನೀ ಸಂಸ್ಕೃತ ಓದಿದಾಂವ. ಕುತ್ತಿಗ್ಯಾಗ ಮರ್ಮ ಅದಾವಂತ ವೈದ್ಯರು ಅಂದ್ರು. ಹಂಗಂದ್ರೇನಲೇ?”

ಹೆದರಿಸುವುದು ನನ್ನ ಚಟ. ಪೀಠದ ಸ್ವಾಮಿಗಳ ಗತ್ತಿನಲ್ಲಿ ಹೇಳಿದೆ: “ಕಾಕಾ, ಅದು ‘ಮೃ’ ಅನ್ನೋ ಧಾತುವಿನಿಂದ ಹುಟ್ಟಿದ ಶಬ್ದ. ಮೃ ಅಂದ್ರ ಸಾಯೂದು. ಪೆಟ್ಟು ಬಿದ್ರ ಜೀವ ಹೋಗೋ ಜಾಗಾನ ಮರ್ಮ. ಈಗ ನಿನ್ನ ಕತ್ತಿ ಅಗದಿ ಅಲ್ಲೇ ಐತಿ.”

ಕಾಕಾನ ಮುಖ ಬಿಳಿಚಿತು. ಬೋಳಿಸುವುದು ನಿಂತಿತು. ಕತ್ತಿ ಮಾತ್ರ ನನ್ನ ಗಂಟಲ ಮೇಲೇ ಇತ್ತು.

“ಕಾಕಾ, ಕೈ ತಗಿಯೋ ಮಾರಾಯಾ!”

“ತಗ್ಯಾಕೂ ಅಂಜಿಕಿ ಬರತೈತಿ! ಎಳಿಯೂಮುಂದ ಹತ್ತಿದ್ರ?”

ಉಗುಳು ನುಂಗಲೂ ನನಗೆ ಧೈರ್ಯವಿಲ್ಲ. ಕೊನೆಗೆ ಬಾಜು ಕೂತಿದ್ದ ಗಿರಾಕಿ ಮೆಲ್ಲಗೆ ಎದ್ದು, ಕಾಕಾನ ಮಣಿಕಟ್ಟು ಹಿಡಿದು ಕತ್ತಿ ಎತ್ತಿದ.

ಕಾಕಾ ಬೆಂಚಿನ ಮೇಲೆ ಕುಸಿದ. “ಇಷ್ಟ ವರ್ಷ ಅರ್ಥ ಗೊತ್ತಿಲ್ಲದ ಆರಾಮ ಬೋಳಸ್ತಿದ್ನಲೇ, ಹಾಳ ಮಾಡಿದಿ.”

ಒಂದೇ ಗಲ್ಲ ಬೋಳಿಸಿಕೊಂಡು ಮನೆಗೆ ಬಂದಿದ್ದೇನೆ. ಸಾರ್ವಜನಿಕರಲ್ಲಿ ವಿನಂತಿ: ಶಬ್ದಗಳ ಮೂಲವನ್ನು ಕುರ್ಚಿಯಿಂದ ಇಳಿದ ಮೇಲೆ ಹೇಳತಕ್ಕದ್ದು.