ಕಿಟಕಿ ಕಡೆಯ ಕೈ

ಕೃತಕ ಕೈಕಾಲು ಮಾಡುವ ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಬಣ್ಣದಕ್ಕ. ಅವಳಿಗಿಂತ ದೊಡ್ಡವರೂ ಅಕ್ಕ ಅಂತಲೇ ಕರೆಯೋದು. ಅದಕ್ಕೆ ಅವಳ ಗೊಣಗಾಟ ಇದ್ದದ್ದೇ. ಅಚ್ಚಿನಿಂದ ಎದ್ದು ಬಂದ ಸಿಲಿಕೋನ್ ಕೈಗೆ ಜೀವಕಳೆ ತುಂಬೋದು ಅವಳ ಕೆಲಸ. ಒಂದೇ ಬಣ್ಣ ಬಳಿದರೆ ಮುಗೀತಲ್ಲ ಅಂತ ಯಾರಾದರೂ ಅಂದರೋ, ಕೆಟ್ಟರು! ತನ್ನ ಕೈಯನ್ನೇ ಅವರ ಮೂಗಿನ ಮುಂದೆ ಚಾಚುತ್ತಿದ್ದಳು.

"ನೋಡ್ರೀ, ಇದೊಂದು ಕೈಯಲ್ಲೇ ಎಷ್ಟು ಬಣ್ಣ! ಚರ್ಮ ತನ್ನ ಬಣ್ಣ ತಾನೇ ತಯಾರಿಸುತ್ತೆ. ಅಂಗೈಯಲ್ಲಿ ಕಮ್ಮಿ, ಅದಕ್ಕೇ ತಿಳಿ. ಗೆಣ್ಣಿನ ಮೇಲೆ ಮಡಚಿ, ಉಜ್ಜಿ ಚರ್ಮ ದಪ್ಪ, ಅದಕ್ಕೇ ಕಪ್ಪು. ಬಿಸಿಲು ಬಿದ್ದ ಕಡೆ ಕೊಡೆ ಬಿಚ್ಚಿದ ಹಾಗೆ ಇನ್ನಷ್ಟು ಬಣ್ಣ ಹರಡಿಕೊಳ್ಳುತ್ತೆ. ತೋಳಿನ ಒಳಭಾಗ ನೋಡಿ, ಅದು ನಮ್ಮ ಮೂಲ ಬಣ್ಣ!" ಪಾಠ ಮುಗಿಯುವಷ್ಟರಲ್ಲಿ ಕೇಳಿದವರ ಟೀ ಆರಿಹೋಗಿರುತ್ತಿತ್ತು.

ಒಂದು ದಿನ ಬಸ್ ಡ್ರೈವರಣ್ಣ ಬಂದರು. ಅಪಘಾತದಲ್ಲಿ ಎಡಗೈ ಮಣಿಕಟ್ಟಿನ ತನಕ ಹೋಗಿತ್ತು. ಡಿಪೋದಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತ್ತು, ಹೊಟ್ಟೆಪಾಡಿಗೆ ತೊಂದರೆಯಿರಲಿಲ್ಲ. ಆದರೆ ಮನುಷ್ಯ ತುಂಬುತೋಳಿನ ಅಂಗಿ ಬಿಟ್ಟು ಬೇರೆ ತೊಡರು, ಎಡಗೈ ಜೇಬಿನಿಂದ ಆಚೆ ತೆಗೆಯರು. ಸಂಜೆ ಹೆಂಡತಿ ಜೊತೆ ಸುತ್ತಾಡೋದನ್ನೂ ಬಿಟ್ಟಿದ್ದರು. ಆಕೆ ಮದುವೆಯಾದಾಗಿನಿಂದ ಅವರ ಎಡಗೈ ಹಿಡಿದೇ ನಡೆದವರು.

"ಅಕ್ಕಾ, ನೋಡಿದವರಿಗೆ ಗೊತ್ತಾಗಬಾರದು. ಗೊತ್ತಾಗೋ ಹಾಗಿದ್ರೆ ನಂಗೆ ಬೇಡವೇ ಬೇಡ," ಅಂದುಬಿಟ್ಟರು.

ಇರುವ ಕೈ ನೋಡಿ ಇಲ್ಲದ ಕೈಗೆ ಬಣ್ಣ, ಅದು ಬಣ್ಣದಕ್ಕನ ಪದ್ಧತಿ. ಅವರ ಬಲಗೈ ಮೇಜಿನ ಮೇಲೆ ಇಡಿಸಿಕೊಂಡು ಕೂತಳು. ಗೆಣ್ಣಿನ ಕಪ್ಪು, ಉಗುರಿನ ಬುಡ, ನರದ ನೀಲಿ, ಒಂದೂ ಬಿಡಲಿಲ್ಲ. ಮುಗಿಸಿ ಪಕ್ಕಪಕ್ಕ ಇಟ್ಟರೆ, ಅಬ್ಬಬ್ಬಾ, ಥೇಟ್ ಅವಳಿ ಜವಳಿ!

ತೊಡಿಸುವ ದಿನ ಹೆಂಡತಿಯೂ ಬಂದರು. ಅಳತೆ ತೆಗೆದದ್ದು ಅಚ್ಚಿನವರು; ಬಣ್ಣದಕ್ಕನ ಎದುರು ಡ್ರೈವರಣ್ಣ ಅಂಗಿಯ ಎಡತೋಳು ಮಡಚಿದ್ದು ಇದೇ ಮೊದಲ ಸಲ. ಬಣ್ಣದಕ್ಕ ಕೈ ತೊಡಿಸಿ ನೋಡಿದರೆ, ತೋಳು ಗೋಧಿ ಬಣ್ಣ, ಕೈ ಕಾಫಿಪುಡಿ ಬಣ್ಣ! ಯಾರದೋ ಕೈ ತಂದು ಅಂಟಿಸಿದ ಹಾಗಿತ್ತು. ಡ್ರೈವರಣ್ಣನ ಮುಖ ಸಪ್ಪಗಾಯಿತು. ಹೊಸ ಕೈ ಕೂಡ ಮೆಲ್ಲಗೆ ಜೇಬಿನ ಕಡೆ ಹೊರಟಿತು.

ಹೆಂಡತಿ ಕಿಸಕ್ಕನೆ ನಕ್ಕುಬಿಟ್ಟರು. "ಅಯ್ಯೋ, ಇದು ನಮ್ಮವರ ಕಿಟಕಿ ಕಡೆಯ ಕೈ ಕಣಮ್ಮಾ! ಮೂವತ್ತು ವರ್ಷ ಬಸ್ಸಿನ ಕಿಟಕಿ ಬಿಸಿಲೆಲ್ಲ ತಿಂದಿದ್ದು ಬಲಗೈ. ಎಡಗೈ ಒಳಗೆ ನೆರಳಲ್ಲಿ ಗೇರ್ ಹಾಕ್ಕೊಂಡು ಹಾಯಾಗಿತ್ತು."

ಬಣ್ಣದಕ್ಕ ಹಣೆ ಚಚ್ಚಿಕೊಂಡಳು. ಊರಿಗೆಲ್ಲ ಬಿಸಿಲಿನ ಪಾಠ ಹೇಳುವ ಮಹಾರಾಯಿತಿ! ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಡ್ರೈವರಣ್ಣನೇ ಎಲ್ಲರಿಗಿಂತ ಜೋರಾಗಿ.

"ಹಾಗಾದ್ರೆ ನೀವೇ ಹೇಳಿ ಅತ್ತಿಗೆ, ಆ ಕೈ ಹೇಗಿತ್ತು?"

ಹೇಳಿದರು ನೋಡಿ ಆ ತಾಯಿ, ಕಣ್ಣು ಮುಚ್ಚಿಕೊಂಡೇ! ಹೆಬ್ಬೆರಳ ಬುಡದಲ್ಲಿ ಎಳ್ಳಿನಷ್ಟು ಮಚ್ಚೆ. ಗೇರ್ ಹಿಡಿದು ಹಿಡಿದು ಅಂಗೈಯಲ್ಲಿ ಹಳದಿ ಜಡ್ಡು. ಮಣಿಕಟ್ಟಿನಲ್ಲಿ ವಾಚ್ ಪಟ್ಟಿಯ ಅಗಲಕ್ಕೆ ಬೆಳ್ಳಗಿನ ಗುರುತು.

"ಅದ್ಯಾಕೇ? ಮೇಲೆ ವಾಚೇ ಇರುತ್ತಲ್ಲ, ಗುರುತು ಯಾರು ನೋಡ್ತಾರೆ?" ಅಂದರು ಡ್ರೈವರಣ್ಣ.

"ಮನೇಲಿ ಬಿಚ್ಚಿಡುವಾಗ ನಾನು ನೋಡಲ್ವಾ?"

 ಅಚ್ಚಿನಿಂದ ಇನ್ನೊಂದು ಕೈ ಎದ್ದು ಬಂದಾಗ ಬಣ್ಣದಕ್ಕ ಅದಕ್ಕೆ ಮೊದಲು ಬರೆದದ್ದೇ ಆ ಪಟ್ಟಿ.

ಮತ್ತೆ ತೊಡಿಸಿದಾಗ ತೋಳು ಎಲ್ಲಿ ಮುಗಿಯಿತು, ಕೈ ಎಲ್ಲಿ ಶುರುವಾಯಿತು ಅಂತ ಹುಡುಕಬೇಕಿತ್ತು. ಹುಡುಕಿದರೆ ಕಾಣುವ ಸಣ್ಣ ಗೆರೆಯ ಮೇಲೆ ಹೆಂಡತಿ ತಾವೇ ಹಳೆಯ ವಾಚ್ ಕಟ್ಟಿದರು. ಆಮೇಲೆ ಆ ಕೈಯನ್ನು ಹಿಡಿದುಕೊಂಡರು. 

"ಬಣ್ಣ ಸರಿಯಿದೆ. ಸ್ವಲ್ಪ ತಣ್ಣಗಿದೆ, ಅಷ್ಟೇ."

ಡ್ರೈವರಣ್ಣ ಬಣ್ಣದಕ್ಕನ ಮುಖ ನೋಡಿದರು. ಹೆಂಡತಿ ಮಾತ್ರ ಹಿಡಿದ ಕೈ ಬಿಡಲಿಲ್ಲ.

"ಬೆಚ್ಚಗೆ ಮಾಡೋದು ನನ್ನ ಕೆಲಸ. ನಡೀರಿ, ಒಂದು ಸುತ್ತು ಹೋಗಿ ಬರೋಣ."