ಕಾಲ ಹತ್ತಿರ ತಲೆ ಇದ್ದವನು

ಹಸಿರು ಆಕಾಶ. ಅದರ ಕೆಳಗೆ ಒಬ್ಬ ಓಡುತ್ತಿದ್ದಾನೆ. ಅವನ ತಲೆ ಕತ್ತಿನ ಮೇಲಿಲ್ಲ, ಕಾಲ ಹತ್ತಿರ ನೆಲದಲ್ಲಿ ಅವನ ಜೊತೆಗೇ ಓಡುತ್ತಿದೆ. ಮೇಲಿಂದ ಇಂಗ್ಲಿಷ್ ಅಕ್ಷರಗಳು ಅರ್ಧರ್ಧ ಕತ್ತರಿಸಿಕೊಂಡು ಸುರಿಯುತ್ತಿವೆ. ಮೈಸೂರಿನ ನಮ್ಮ ಬಾಡಿಗೆ ಮನೆಯ ಟಿವಿಯಲ್ಲಿ, ಇನ್ನೂ ಸ್ಕೂಲು ಸರಿಯಾಗಿ ಶುರುವಾಗದ ವಯಸ್ಸಿನಲ್ಲಿ, ನಾನು ಈ ವಿಡಿಯೋ ಗೇಮ್ ನೋಡಿದ್ದೆ. ದೇವರಾಣೆಗೂ ನೋಡಿದ್ದೆ.

ಹಳೇ ಗೇಮ್‌ಗಳನ್ನು ಗುರುತು ಹಿಡಿದು ಕೊಡುವ ಜನರ ಗುಂಪೊಂದು ಇಂಟರ್ನೆಟ್ಟಿನಲ್ಲಿದೆ. ‘ಒಂದು ದೋಣಿ ಇತ್ತು, ಸೇತುವೆ ಮುರಿಯುತ್ತಿತ್ತು’ ಅಂತ ಬರೆದರೆ ಸಾಕು, ಎಲ್ಲೋ ಕೂತ ಪುಣ್ಯಾತ್ಮ ಹೆಸರು ಹೇಳಿಬಿಡುತ್ತಾನೆ. ನನ್ನದಕ್ಕೆ ಮಾತ್ರ ಎಲ್ಲರೂ ಕೈಚೆಲ್ಲಿದರು. ಒಬ್ಬನಂತೂ ‘ಕನಸು ಕಂಡಿರಬೇಕು’ ಅಂತ ಬರೆದ. ಮೈಯೆಲ್ಲ ಉರಿದುಹೋಯಿತು. ಕನಸಂತೆ! ಇವನಪ್ಪ ಬಂದು ನೋಡಿದ್ದನಾ?

ನಾನು ಹುಡುಕುತ್ತಿದ್ದದ್ದು ಶೋಕಿಗಲ್ಲ. ಅಮ್ಮ ಮೆಲ್ಬೋರ್ನ್‌ನಲ್ಲಿ, ಕ್ರೇಗಿಬರ್ನ್‌ನ ಅಣ್ಣನ ಮನೆಯಲ್ಲಿದ್ದಾಳೆ. ಮರೆವಿನ ಕಾಯಿಲೆ. ಈ ಚಳಿಗಾಲದಿಂದ ಮಧ್ಯಾಹ್ನ ಆಯಿತೆಂದರೆ ಆಫ್ ಆಗಿರುವ ಟಿವಿಯನ್ನೇ ನೋಡುತ್ತಾ ಶುರು ಮಾಡುತ್ತಾಳೆ: “ಬಂದ ನೋಡೇ, ಕಾಲ ಹತ್ರ ತಲೆ ಇರೋನು. ಬೇಗ ಆರಿಸೇ, ನಿಮ್ಮಪ್ಪ ಬರೋ ಹೊತ್ತು.” ಅಪ್ಪ ಹೋಗಿ ಎಷ್ಟೋ ವರ್ಷವಾಗಿದೆ. ಅಣ್ಣ ಹೆದರಿ ಡಾಕ್ಟರಿಗೆ ಹೇಳಿದ. ಇಲ್ಲದ್ದು ಕಣ್ಣಿಗೆ ಕಾಣುತ್ತಿದ್ದರೆ ಮಾತ್ರೆ ಶುರು ಮಾಡೋಣ, ದಸರಾ ಆದ ವಾರ ಕರೆದುಕೊಂಡು ಬನ್ನಿ ಅಂದರಂತೆ.

ಆ ಮಾತ್ರೆ ನನಗೆ ಗೊತ್ತು. ನಾನು ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ಆಸ್ಪತ್ರೆಯ ಫಾರ್ಮಸಿಸ್ಟ್. ಬೇಕಾದವರಿಗೆ ಅದು ಬೇಕೇ ಬೇಕು. ಆದರೆ ಅದನ್ನು ತಗೊಂಡು ದಿನವಿಡೀ ತೂಕಡಿಸಿಕೊಂಡು, ಅನ್ನದ ತುತ್ತು ಬಾಯಲ್ಲೇ ಇಟ್ಟುಕೊಂಡು ಕೂತ ವಯಸ್ಸಾದವರನ್ನು ನೋಡಿದ್ದೇನೆ. ಕಂಡದ್ದನ್ನೇ ಹೇಳುತ್ತಿರುವ ಅಮ್ಮನಿಗೆ ಅದು ಯಾಕೆ?

“ಅದು ನಮ್ಮನೆ ಗೇಮ್ ಕಣೋ, ನಾನೂ ನೋಡಿದ್ದೀನಿ,” ಅಂತ ಅಣ್ಣನಿಗೆ ಫೋನಿನಲ್ಲಿ ಬಡಕೊಂಡೆ.

“ಅಂಥ ಗೇಮ್ ಇರಲೇ ಇಲ್ಲ. ಇದ್ದದ್ದೇ ಒಂದು ಹಳದಿ ಕ್ಯಾಸೆಟ್ಟು. ಓಡೋನು, ಹಾರೋನು, ಅಷ್ಟೇ. ಆಡ್ತಿದ್ದದ್ದು ನಾನಾ ನೀನಾ?”

ಅವನಿಗೆ ಆ ಗೇಮ್ ಅಂದರೆ ಮುಖ್ಯವಾಗಿ ನೆನಪಿರುವುದು ಅಪ್ಪನ ಏಟು. ಕ್ರಿಕೆಟ್ ಆಡಿ ಬಂದವನನ್ನು ಬಾಗಿಲಲ್ಲೇ ಹಿಡಿದು, ದುಬಾರಿ ಸಾಮಾನು ಹಾಳು ಮಾಡಿದೆಯಲ್ಲೋ ಅಂತ ಬೆಲ್ಟಿನಲ್ಲಿ ಹೊಡೆದಿದ್ದರು. ನಾನೇನೂ ಮಾಡಿಲ್ಲ ಅಂತ ಅವನು ಅತ್ತದ್ದು ಬೀದಿಗೆಲ್ಲ ಕೇಳಿತ್ತು. ಆಮೇಲೆ ಅಪ್ಪ ಗೇಮನ್ನು ಅಟ್ಟಕ್ಕೆ ಎಸೆದರು. ಅಲ್ಲಿಗೆ ಮುಗಿಯಿತು.

ನನ್ನ ಬಾಯಿ ಮುಚ್ಚಿಸಲೆಂದೇ ಅಣ್ಣ, ಅಲ್ಲೇ ಮೆಲ್ಬೋರ್ನ್‌ನ ಟ್ರುಗನಿನಾದಲ್ಲಿ ಯಾರೋ ನಮ್ಮವರು ಮಾರುತ್ತಿದ್ದ ಅಂಥದ್ದೇ ಹಳೇ ಗೇಮ್ ಸೆಟ್ಟನ್ನು ತಂದು, ಅದರ ಜೊತೆ ಬಂದ ಅದೇ ಥರದ ಹಳದಿ ಕ್ಯಾಸೆಟ್ಟು ಹಾಕಿ ವಿಡಿಯೋ ಕಳಿಸಿದ. ನೀಲಿ ಆಕಾಶ. ತಲೆ ಇರಬೇಕಾದ ಕಡೆಯೇ ಇದೆ. “ಈಗೇನಂತೀಯ?” ಅಂದ. ಕೆಲಸಕ್ಕೆ ಹೋಗುವ ರೈಲಿನಲ್ಲಿ ಆ ವಿಡಿಯೋವನ್ನು ಹಿಂದೆ ಮುಂದೆ ಮಾಡಿ ನೋಡಿದೆ. ಅಮ್ಮನಿಗೆ ಕಾಣುವ ಇಲ್ಲದ್ದು ನನಗೂ ಕಾಣುತ್ತಿದೆ ಅಂದರೆ ಅದೇ ಕಾಯಿಲೆ ನನಗೂ ಹತ್ತಿದೆಯಾ? ಅವತ್ತು ಕೆಲಸದಲ್ಲಿ ಪ್ರತಿಯೊಂದು ಔಷಧಿಯ ಹೆಸರನ್ನೂ ಮತ್ತೆ ಮತ್ತೆ ಓದಿಕೊಂಡೆ.

ದಸರಾಕ್ಕೆ ರಜೆ ಹಾಕಿ ಮೆಲ್ಬೋರ್ನ್‌ಗೆ ಹೋದೆ. ಆಯುಧಪೂಜೆಯ ಬೆಳಿಗ್ಗೆ ಗ್ಯಾರೇಜಿನಲ್ಲಿ ಕಾರು, ಹುಲ್ಲು ಕತ್ತರಿಸುವ ಮೆಷಿನ್ನು, ಅಡುಗೆಮನೆಯ ಚಾಕು, ಎಲ್ಲರ ಲ್ಯಾಪ್‌ಟಾಪು ಸಾಲಾಗಿ ಕೂತಿದ್ದವು. ಅತ್ತಿಗೆ ತಟ್ಟೆ ಹಿಡಿದಿದ್ದರು, ಅಮ್ಮ ತೇದ ಗಂಧ ಹಚ್ಚುತ್ತಿದ್ದಳು. ಪೂಜೆ ಅಂದರೆ ಅವಳ ಕೈಗೆ ಯಾವ ಮರೆವೂ ಇಲ್ಲ. ಚಾಕುವಿನ ಅಲಗಿಗೆ ಹಚ್ಚಿದಳು. ಆಮೇಲೆ ಅತ್ತಿಗೆಯ ಲ್ಯಾಪ್‌ಟಾಪನ್ನು ಕೈಗೆತ್ತಿಕೊಂಡು ತಿರುಗಿಸಿ, ಚಾರ್ಜರ್ ಚುಚ್ಚುವ ತೂತಿಗೇ ಒದ್ದೆ ಗಂಧದ ಬೆರಳು ಒತ್ತಲು ಹೋದಳು.

“ಅಯ್ಯಯ್ಯೋ, ಅತ್ತೆ! ಅಲ್ಲಿ ಬೇಡ, ಒಳಗೆ ಹೋದ್ರೆ ಕೆಟ್ಟೇಹೋಗುತ್ತೆ!”

“ಕೆಲಸ ಮಾಡೋ ಜಾಗಕ್ಕೇ ಅಲ್ವೇನಮ್ಮಾ ಹಚ್ಚೋದು?” ಅಂದಳು ಅಮ್ಮ, ಇಷ್ಟೂ ಗೊತ್ತಿಲ್ಲವಾ ಅನ್ನುವ ಹಾಗೆ.

ಕೆಲಸ ಮಾಡುವ ಜಾಗ! ಚಾಕುವಿಗೆ ಅಲಗು. ಹೊಲಿಗೆ ಮೆಷಿನ್ನಿಗೆ ಸೂಜಿ. ಹಾಗಾದರೆ ಆ ಹಳದಿ ಕ್ಯಾಸೆಟ್ಟಿಗೆ?

“ಅಣ್ಣಾ, ಆ ಕ್ಯಾಸೆಟ್ಟು ತಗೊಂಡು ಬಾ,” ಅಂದೆ.

“ಈಗ? ಪೂಜೆ ಮಧ್ಯೆ? ತಲೆ ಕೆಟ್ಟಿದೆಯಾ ನಿಂಗೆ?”

“ಕೆಟ್ಟಿದೆಯೋ ಇಲ್ವೋ ಅಂತ ನೋಡೋಕೇ ಕಣೋ. ತಾ ಅಂದ್ರೆ ತಾ.”

ಗೊಣಗುತ್ತಾ ತಂದ. ಕ್ಯಾಸೆಟ್ಟಿನ ಬುಡದಲ್ಲಿ ಸಾಲಾಗಿ ತಾಮ್ರದ ಹಲ್ಲುಗಳಿರುತ್ತವಲ್ಲ, ಸೆಟ್ಟಿನೊಳಗೆ ಕೂರುವ ಕಡೆ, ಅದನ್ನು ಅಮ್ಮನ ಮುಂದೆ ಹಿಡಿದೆ. ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. ಹಲ್ಲುಗಳ ಮೇಲೆ ಉದ್ದಕ್ಕೆ ಗಂಧ ಎಳೆದು, ನಡುವೆ ಕುಂಕುಮದ ಬೊಟ್ಟಿಟ್ಟು, ಕಣ್ಣಿಗೊತ್ತಿಕೊಂಡಳು.

ಹಾಲಿಗೆ ಓಡಿ ಹೋಗಿ ಅದನ್ನು ಸೆಟ್ಟಿಗೆ ತುರುಕಿದೆ. ಮೊದಲು ಏನೂ ಬರಲಿಲ್ಲ. ತೆಗೆದು ಸ್ವಲ್ಪ ಒರೆಸಿ ಮತ್ತೆ ಹಾಕಿದೆ. ಆಗಲೂ ಬರೀ ಗೆರೆಗಳು. ಇನ್ನೊಮ್ಮೆ ಹಾಕಿ ಒಂದು ಕಡೆಗೆ ಒತ್ತಿ ಹಿಡಿದೆ.

ಹಸಿರು ಬಂತು.

ಅಯ್ಯೋ ಶಿವನೇ! ಟಿವಿಯ ತುಂಬಾ ಹಸಿರು. ಕತ್ತರಿಸಿದ ಅಕ್ಷರಗಳು. ಥೇಟ್ ಅದೇ ಅಂತ ಹೇಳಲಾರೆ, ಇವನ ತಲೆ ಸೊಂಟದವರೆಗೆ ಮಾತ್ರ ಇಳಿದಿತ್ತು. ಆದರೆ ಅವನೇ. ಅವನ ಒಡಹುಟ್ಟಿದವನಾದರೂ ಹೌದು. ಜಗತ್ತಿನಲ್ಲಿ ಯಾರಿಗೂ ಹೆಸರು ಗೊತ್ತಿಲ್ಲದ ಗೇಮ್, ಯಾಕೆ ಗೊತ್ತಿರುತ್ತೆ? ಅದು ನಮ್ಮ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲೇ ಇಲ್ಲ. ಹಲ್ಲುಗಳಿಗೆ ಗಂಧ ಅಡ್ಡ ಕೂತು ಹಳದಿ ಕ್ಯಾಸೆಟ್ಟಿನ ಆಟವೇ ಹೀಗೆ ಕಲಸಿಹೋದದ್ದು, ಅಮ್ಮ ಗಂಧ ಹಚ್ಚಿ ಮಾಡಿದ್ದು. ಅವತ್ತು ಟಿವಿ ಮುಂದೆ ಇದ್ದದ್ದು ಅವಳು ಮತ್ತು ನಾನು, ಇಬ್ಬರೇ.

ಅಣ್ಣ ಟಿವಿಯ ಹತ್ತಿರಕ್ಕೆ ಬಂದ.

“ಅವತ್ತು ದಸರಾ ರಜಾನೇ,” ಅಂದ ನಿಧಾನಕ್ಕೆ. “ನಾನು ಮುಟ್ಟೇ ಇರಲಿಲ್ಲ ಅದನ್ನ. ಅಪ್ಪ ನನಗೆ ಹೊಡೆದದ್ದು… ಇದಕ್ಕಾ?”

ಅಷ್ಟರಲ್ಲಿ ಅತ್ತಿಗೆ ಅಮ್ಮನ ಕೈ ಹಿಡಿದುಕೊಂಡು ಒಳಗೆ ಬಂದರು. ಅಮ್ಮ ಟಿವಿ ನೋಡಿದಳು. ಗಾಬರಿ ಇಲ್ಲ, ಆಶ್ಚರ್ಯವೂ ಇಲ್ಲ. ನಾವು ಮೂವರೇ ಬೆಪ್ಪಾಗಿ ನಿಂತಿದ್ದದ್ದು.

“ಇವನೇ ಅಲ್ವಾ? ದಿನಾ ಹೇಳ್ತಿದ್ದೆ, ಯಾರು ಕೇಳಿದ್ರಿ?” ಅಂದಳು. ಡಾಕ್ಟರಿಗೆ ಏನು ಹೇಳಬೇಕು ಅನ್ನುವುದು ಅಲ್ಲಿಗೆ ಮುಗಿದ ಹಾಗಾಯಿತು. ಅಣ್ಣ ಫೋನ್ ತೆಗೆದು ಟಿವಿಯ ಫೋಟೋ ಹಿಡಿಯುತ್ತಿದ್ದ, ಅಪಾಯಿಂಟ್‌ಮೆಂಟಿಗೆ ತೋರಿಸಲು.

ಅಮ್ಮ ಅವನ ಹತ್ತಿರ ಹೋದಳು. ಗಂಧ ಅಂಟಿದ ಬೆರಳಿನಲ್ಲೇ ಅವನ ಷರ್ಟಿನ ಬೆನ್ನನ್ನು ಸವರಿದಳು, ಬೆಲ್ಟಿನ ಏಟು ಬಿದ್ದಿದ್ದ ಕಡೆ. ನಂತರ ಮುಂಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

“ಅಳಬೇಡ ಮಗು. ಇವತ್ತು ನಿಮ್ಮಪ್ಪ ಬರ್ಲಿ. ಹಚ್ಚಿದ್ದು ನಾನೇ ಅಂತ ಹೇಳೇಬಿಡ್ತೀನಿ.”